ಓದುಗರ ಪ್ರಶ್ನೆ: ಸ್ಕ್ಯಾನ್ ಮಾಡಿದ ಮನೆತನದ ದಾಖಲೆ ಯಾವುದರಲ್ಲಿ ಇಡಬೇಕು?

ಪ್ರಶ್ನೆ: ತಾತನ ಕಾಲದ ಕ್ರಯಪತ್ರ, ಕೈಬರಹದ ವಂಶಾವಳಿ, ಜಾತಕ, ಮದುವೆ ಫೋಟೊ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿದ್ದೇವೆ. ಒಟ್ಟು 140 ಜಿಬಿ. ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿ ಇಟ್ಟಿದ್ದೇವೆ. ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದರೆ ಏನು ಮಾಡಬೇಕು?
— ಓದುಗರು, ಬಸವನಗುಡಿ

ಉತ್ತರ: ಆ ಪೆನ್‌ಡ್ರೈವ್‌ನಲ್ಲಿರುವುದನ್ನು ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿಕೊಳ್ಳಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಸ್‌ಎಸ್‌ಡಿ ಇವುಗಳಲ್ಲಿ ಮಾಹಿತಿ ಇರುವುದು ವಿದ್ಯುದಾವೇಶದ ರೂಪದಲ್ಲಿ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ ಆವೇಶ ನಿಧಾನವಾಗಿ ಸೋರಿಹೋಗುತ್ತದೆ. ಬಿಸಿಲಿಗೆ ಕಾಯುವ ಜಾಗದಲ್ಲಿದ್ದರೆ ಇನ್ನೂ ಬೇಗ.

ಬೇರೆ ಬೇರೆ ಕಂಪನಿಯ ಎರಡು 1 ಟಿಬಿ ಹಾರ್ಡ್‌ಡಿಸ್ಕ್ ಕೊಳ್ಳಿ. ಒಂದೇ ಬ್ಯಾಚಿನವಾದರೆ ಒಂದೇ ದೋಷ ಎರಡರಲ್ಲೂ ಇರಬಹುದು. ಎರಡನ್ನೂ ಎಕ್ಸ್‌ಫ್ಯಾಟ್‌ಗೆ (ಡಿಸ್ಕ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ವಿಧಾನ) ಫಾರ್ಮ್ಯಾಟ್ ಮಾಡಿದರೆ ವಿಂಡೋಸ್, ಮ್ಯಾಕ್ ಎರಡರಲ್ಲೂ ತೆರೆಯುತ್ತವೆ. ಆದರೆ ‘ಇಜೆಕ್ಟ್’ ಕೊಡದೆ ಕೇಬಲ್ ಕಿತ್ತರೆ ಫೈಲುಗಳ ಪಟ್ಟಿಯೇ ಕೆಡುವ ಅಪಾಯವಿದೆ. ಒಂದು ಡಿಸ್ಕ್ ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ. ಜೋರು ಮಳೆಗೆ ಬೆಂಗಳೂರಿನ ತಗ್ಗಿನ ಬಡಾವಣೆಗಳಲ್ಲಿ ನೆಲಮಹಡಿಗೆ ನೀರು ನುಗ್ಗುತ್ತದೆ; ಎರಡೂ ಒಂದೇ ಬೀರುವಿನಲ್ಲಿದ್ದರೆ ಎರಡೂ ಹೋದವು.

ಇನ್ನು ದೀರ್ಘಕಾಲದ ಪ್ರತಿ. ಇದಕ್ಕೆ 140 ಜಿಬಿಯೂ ಬೇಡ. ಕ್ರಯಪತ್ರ, ವಂಶಾವಳಿ, ಮತ್ತೆಲ್ಲೂ ಸಿಗದ ಫೋಟೊ ಇಷ್ಟನ್ನೇ ಆರಿಸಿ 20 ಜಿಬಿಯೊಳಗೆ ತನ್ನಿ. ಮನೆಯವರೆಲ್ಲ ಕೂತು ಮಾಡಬೇಕಾದ ಕೆಲಸ ಇದು, ಸಮಯ ಕೊಡಿ. 4×6 ಇಂಚಿನ ಬಣ್ಣದ ಫೋಟೊ 600 ಡಿಪಿಐ (ಇಂಚಿಗೆ 600 ಚುಕ್ಕಿ) ಸ್ಕ್ಯಾನಿನ ಟಿಫ್ ಚಿತ್ರದ ಫೈಲ್ ಆದರೆ ಸುಮಾರು 26 ಎಂಬಿ. 20 ಜಿಬಿಯಲ್ಲಿ ಏಳುನೂರಕ್ಕೂ ಹೆಚ್ಚು ಹಿಡಿಯುತ್ತವೆ. ಇದನ್ನು 25 ಜಿಬಿಯ ಎಂ-ಡಿಸ್ಕ್ ಬ್ಲೂ-ರೇಗೆ (ಸಿಡಿಯಂತೆಯೇ ಕಾಣುವ, ದೀರ್ಘಕಾಲ ಉಳಿಸಲೆಂದೇ ಮಾಡಿದ ಡಿಸ್ಕ್) ಬರೆಯಿರಿ. ಮಾಮೂಲಿ ಸಿಡಿ-ಆರ್, ಡಿವಿಡಿ-ಆರ್‌ಗಳಲ್ಲಿರುವ ಸಾವಯವ ಬಣ್ಣ ಬೆಳಕು, ಶಾಖ, ತೇವಕ್ಕೆ ಕೆಡುತ್ತದೆ. ಎಂ-ಡಿಸ್ಕ್‌ನ ಪದರ ನಿರವಯವ ವಸ್ತುವಿನದು. ಸಾವಿರ ವರ್ಷ ಬಾಳುತ್ತದೆಂಬುದು ತಯಾರಕರ ಮಾತು. ಅಷ್ಟು ನಂಬಬೇಕಿಲ್ಲ, ಮನೆಯಲ್ಲಿ ಬರೆದಿಡಬಹುದಾದವುಗಳಲ್ಲಿ ನಮ್ಮ ಮೊದಲ ಆಯ್ಕೆ ಮಾತ್ರ ಇದೇ. ಅಂಗಡಿಯಲ್ಲಿ ‘ಎಲ್‌ಟಿಎಚ್’ ಎಂದು ಬರೆದ ಬ್ಲೂ-ರೇ ಕೊಟ್ಟರೆ ಬೇಡವೆನ್ನಿ, ಅದರಲ್ಲೂ ಸಾವಯವ ಬಣ್ಣವೇ ಇರುತ್ತದೆ.

ಕಡಿಮೆ ವೇಗದಲ್ಲಿ, ‘ವೆರಿಫೈ’ (ಬರೆದದ್ದು ಸರಿಯಿದೆಯೆ ಎಂದು ಓದಿ ನೋಡುವ ಆಯ್ಕೆ) ಆನ್ ಮಾಡಿ ಬರೆಯಿರಿ. ಎರಡು ಪ್ರತಿ ಮಾಡಿ ಬೇರೊಂದು ಡ್ರೈವ್‌ನಲ್ಲಿ ಓದಿ ನೋಡಿ. ಸ್ಟಿಕರ್ ಅಂಟಿಸಬೇಡಿ, ಡಿಸ್ಕ್ ತಿರುಗುವಾಗ ಸಮತೋಲ ತಪ್ಪುತ್ತದೆ. ಗಟ್ಟಿ ಡಬ್ಬಿಯಲ್ಲಿ ನಿಲ್ಲಿಸಿಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇರುವುದಿಲ್ಲ, ಹಾಗಾಗಿ ಬ್ಲೂ-ರೇ ಬರೆಯುವ ಯುಎಸ್‌ಬಿ ರೈಟರನ್ನೂ ಜೊತೆಗೇ ಕಾಪಾಡಿ.

ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ ತೆಗೆದು ಪಟ್ಟಿಯನ್ನು ಎಲ್ಲ ಪ್ರತಿಗಳಲ್ಲೂ ಇಡಿ. ಅದು ಫೈಲಿನಿಂದಲೇ ತಂತ್ರಾಂಶ ಲೆಕ್ಕಹಾಕಿ ಕೊಡುವ 64 ಅಕ್ಷರಗಳ ಗುರುತು. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹೊತ್ತಿಗೆ ಅಂತಿಟ್ಟುಕೊಳ್ಳಿ, ಗುರುತನ್ನು ಮತ್ತೆ ತೆಗೆದು ಪಟ್ಟಿಯೊಂದಿಗೆ ತಾಳೆ ನೋಡಿ. ಕೆಟ್ಟ ಫೈಲನ್ನು ಚೆನ್ನಾಗಿರುವ ಪ್ರತಿಯಿಂದ ತುಂಬಿ. ಐದಾರು ವರ್ಷಕ್ಕೆ ಹಾರ್ಡ್‌ಡಿಸ್ಕ್ ಬದಲಿಸಿ.

ಕ್ಲೌಡ್ ಹೆಚ್ಚುವರಿ ಪ್ರತಿಗೆ ಸರಿ. ಆದರೆ ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಮನೆಯಲ್ಲಿ ಇನ್ನೊಬ್ಬರಿಗೂ ಅದರ ಪಾಸ್‌ವರ್ಡ್ ಗೊತ್ತಿರಲಿ. ಮೂಲ ಕ್ರಯಪತ್ರವನ್ನಂತೂ ಬಿಸಾಡಬೇಡಿ, ಸ್ಕ್ಯಾನ್ ಅದಕ್ಕೆ ಬದಲಿಯಲ್ಲ.

ಪ್ರಶ್ನೆ: ತಂದೆಯವರು ಇಪ್ಪತ್ತು ವರ್ಷದ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಸಿಡಿಗೆ ಹಾಕಿಟ್ಟ ವಂಶಾವಳಿ ಈಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ. ಸಿಡಿ ಕೆಟ್ಟಿದೆಯೆ?
— ಓದುಗರು, ವಿಜಯನಗರ

ಉತ್ತರ: ಫೈಲ್ ತೆರೆಯುತ್ತಿದೆಯೆಂದರೆ ಸಿಡಿ ಓದುತ್ತಿದೆ, ಚಿಂತೆ ಬೇಡ. ಆಗಿನ ನುಡಿ ಫಾಂಟುಗಳು ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹೀಗೇ ಕಾಣುತ್ತದೆ. ಮೊದಲು ಸಿಡಿಯನ್ನು ಪೂರ್ತಿ ಕಾಪಿ ಮಾಡಿ, ಆಮೇಲೆ ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ. ಬಂದದ್ದನ್ನು ಹೆಸರು ಹೆಸರಾಗಿ ಓದಿ. ಅರ್ಕಾವೊತ್ತು, ಒತ್ತಕ್ಷರ, ದೀರ್ಘಗಳು ತಪ್ಪುವುದು ಸಾಮಾನ್ಯ. ತಿದ್ದಿದ ಮೇಲೆ ಪಿಡಿಎಫ್/ಎ (ದೀರ್ಘಕಾಲ ಉಳಿಸಲೆಂದೇ ಇರುವ ಪಿಡಿಎಫ್ ಬಗೆ) ಆಗಿಯೂ ಸರಳ ಟೆಕ್ಸ್ಟ್ ಫೈಲಾಗಿಯೂ ಉಳಿಸಿ, ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ.