ಹ್ಯಾಲೋವೀನ್ ಸಂಜೆ ಬರುವ ಮಕ್ಕಳಿಗೆ ಮನೆಯಲ್ಲಿ ಮಾಡಿದ ತಿಂಡಿ ಕೊಡಬಹುದೇ?

ನೀವು ಈ ವರ್ಷವೇ ನ್ಯೂಜೆರ್ಸಿಗೆ ಬಂದು ನೆಲೆಸಿದ್ದೀರಿ. ಊರಿನಿಂದ ಬಂದಿರುವ ನಿಮ್ಮ ಅತ್ತೆಯವರು ಅಕ್ಟೋಬರ್ 31ರ ಸಂಜೆ ವೇಷ ಹಾಕಿಕೊಂಡು ಬಾಗಿಲಿಗೆ ಬರುವ ಮಕ್ಕಳಿಗೆ ಚಕ್ಕುಲಿಯನ್ನೂ ಕೊಬ್ಬರಿ ಮಿಠಾಯಿಯನ್ನೂ ಮಾಡಿ ಹಂಚಬೇಕೆಂದಿದ್ದಾರೆ. ಪಕ್ಕದ ಮನೆಯವರು ಮಾತ್ರ, ಅದನ್ನು ಯಾವ ತಂದೆತಾಯಿಯೂ ಮಕ್ಕಳಿಗೆ ತಿನ್ನಲು ಕೊಡುವುದಿಲ್ಲ, ನೇರವಾಗಿ ಕಸದ ಬುಟ್ಟಿಗೆ ಹೋಗುತ್ತದೆ ಎಂದಿದ್ದಾರೆ. ಇದು ನಮ್ಮವರ ಅಡುಗೆಯ ಮೇಲಿನ ಅಪನಂಬಿಕೆಯೇ ಎಂಬುದು ನಿಮ್ಮ ಪ್ರಶ್ನೆ. ಅಪನಂಬಿಕೆಯಲ್ಲ, ಆದರೆ ನೆರೆಯವರು ಹೇಳಿದ್ದು ನಿಜ. ಗುರುತು ಪರಿಚಯವಿಲ್ಲದ ಮಕ್ಕಳಿಗೆ ಅಂದು ಸಂಜೆ ಮನೆಯ ತಿಂಡಿ ಕೊಡಬೇಡಿ. ಅಂಗಡಿಯಿಂದ ತಂದ, ಒಂದೊಂದನ್ನೂ ಬೇರೆಬೇರೆಯಾಗಿ ಮುಚ್ಚಿರುವ ಕ್ಯಾಂಡಿಯನ್ನೇ ಕೊಡಿ. ಇದಕ್ಕೆ ಜನ ಸಾಮಾನ್ಯವಾಗಿ ಹೇಳುವ ಕಾರಣ ಒಂದಾದರೆ, ಇಲ್ಲಿ ಮಕ್ಕಳನ್ನು ಬೆಳೆಸಿದ ನನಗೆ ಒಪ್ಪಿಗೆಯಾಗಿರುವ ಕಾರಣವೇ ಬೇರೆ. ಹಾಗಾಗಿ ಉತ್ತರ ಸ್ವಲ್ಪ ದೀರ್ಘವಾಗುತ್ತದೆ.

ಮೊದಲು ಕಾನೂನಿನ ಮಾತು. ನ್ಯೂಜೆರ್ಸಿಯಲ್ಲಿ 2021ರವರೆಗೆ ಮನೆಯಲ್ಲಿ ಬೇಯಿಸಿದ ಕೇಕು, ಕುಕಿಗಳನ್ನು ಮಾರಲು ಅವಕಾಶವೇ ಇರಲಿಲ್ಲ, ಈಗ ಪರವಾನಗಿ ಪಡೆದು ಮಾರಬಹುದು. ಆ ನಿಯಮಗಳೆಲ್ಲ ಮಾರಾಟಕ್ಕೆ ಸಂಬಂಧಿಸಿದವು. ಬಾಗಿಲಿಗೆ ಬಂದ ಮಗುವಿನ ಕೈಗೆ ಒಂದು ಚಕ್ಕುಲಿ ಇಟ್ಟವರ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ. ಆದ್ದರಿಂದ ಅತ್ತೆಯವರು ಆ ವಿಷಯದಲ್ಲಿ ಗಾಬರಿಯಾಗಬೇಕಿಲ್ಲ.

ಈ ದೇಶದವರೂ ಒಂದು ಕಾಲದಲ್ಲಿ ಮನೆಯ ತಿಂಡಿಯನ್ನೇ ಹಂಚುತ್ತಿದ್ದರು. ಎರಡನೆಯ ಮಹಾಯುದ್ಧದ ಸಕ್ಕರೆ ಪಡಿತರ 1947ರಲ್ಲಿ ಕೊನೆಗೊಂಡ ಮೇಲೆ ಮಕ್ಕಳು ಮನೆಮನೆಗೆ ಹೋಗಿ ತಿಂಡಿ ಕೇಳುವ ಟ್ರಿಕ್-ಆರ್-ಟ್ರೀಟ್ ಪದ್ಧತಿ ದೇಶದುದ್ದಕ್ಕೂ ಹರಡಿತು. ಆಗ ಮಕ್ಕಳ ಚೀಲಕ್ಕೆ ಬೀಳುತ್ತಿದ್ದವು ಪಾಪ್‌ಕಾರ್ನ್‌ಗೆ ಪಾಕ ಬೆರೆಸಿ ಕಟ್ಟಿದ ಉಂಡೆ, ಆಗಷ್ಟೇ ಬೇಯಿಸಿದ ಕುಕಿ, ಕ್ಯಾರಮೆಲ್‌ನಲ್ಲಿ ಅದ್ದಿದ ಸೇಬು, ಒಂದು ಹಿಡಿ ಶೇಂಗಾ, ಕೆಲವು ಮನೆಗಳಲ್ಲಿ ಚಿಲ್ಲರೆ ಕಾಸು. ಕ್ಯಾಂಡಿ ಕಂಪನಿಗಳು ಚಿಕ್ಕ ಗಾತ್ರದ, ಅಗ್ಗದ, ಒಂದೊಂದಾಗಿ ಮುಚ್ಚಿದ ಚಾಕೊಲೇಟುಗಳನ್ನು ಈ ಹಬ್ಬಕ್ಕೆಂದೇ ಮಾರತೊಡಗಿದಾಗ, ಸಂಜೆಯೆಲ್ಲ ಬಾಗಿಲು ತೆಗೆಯುವ ಗೃಹಿಣಿಯರಿಗೆ ಅದು ಅನುಕೂಲವಾಗಿಯೇ ಕಂಡಿತು. ಆ ಅನುಕೂಲವನ್ನು ಕಡ್ಡಾಯದಂತೆ ಮಾಡಿದ್ದು ಆಮೇಲೆ ಬಂದ ಭಯ.

ಆ ಭಯಕ್ಕೆ ಬೀಜ ಬಿದ್ದ ಘಟನೆಗಳು ದಾಖಲೆಯಲ್ಲಿವೆ. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿನಲ್ಲಿ ಒಬ್ಬ ಗೃಹಿಣಿ, ಕ್ಯಾಂಡಿ ಬೇಡುವ ವಯಸ್ಸು ಮೀರಿದೆ ಎಂದು ತನಗೆ ತೋರಿದ ಹುಡುಗ ಹುಡುಗಿಯರಿಗೆ ಪಾತ್ರೆ ಉಜ್ಜುವ ಉಕ್ಕಿನ ನಾರು, ನಾಯಿ ಬಿಸ್ಕತ್ತು ಮತ್ತು ಇರುವೆ ಪಾಷಾಣದ ಗುಳಿಗೆಗಳನ್ನು ಕಟ್ಟಿಕೊಟ್ಟಳು. ತಮಾಷೆಗೆ ಕೊಟ್ಟೆ ಎಂದಳು. ಯಾರಿಗೂ ಏನೂ ಆಗಲಿಲ್ಲ, ಆದರೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಅದಾದ ಮೂರು ನಾಲ್ಕು ವರ್ಷಕ್ಕೆ ಸೇಬಿನೊಳಗೆ ರೇಜರ್ ಬ್ಲೇಡ್ ಸಿಕ್ಕಿತೆಂಬ ಸುದ್ದಿ ನೀವಿರುವ ನ್ಯೂಜೆರ್ಸಿಯಲ್ಲೇ ಎಷ್ಟು ಹಬ್ಬಿತೆಂದರೆ, 1968ರಲ್ಲಿ ಅಲ್ಲಿನ ಶಾಸನಸಭೆ ಹಾಗೆ ಮಾಡಿದವರಿಗೆ ಜೈಲುಶಿಕ್ಷೆಯ ಕಾಯ್ದೆಯನ್ನೇ ತಂದಿತು. 1970ರಲ್ಲಿ ಡೆಟ್ರಾಯಿಟ್‌ನ ಐದು ವರ್ಷದ ಬಾಲಕನೊಬ್ಬ ಹೆರಾಯಿನ್‌ನಿಂದ ಸತ್ತಾಗ ಮೊದಲು ಹ್ಯಾಲೋವೀನ್ ಕ್ಯಾಂಡಿಯ ಮೇಲೆ ಆರೋಪ ಬಂತು. ತನಿಖೆಯಲ್ಲಿ ತಿಳಿದದ್ದು, ಆ ಮಾದಕ ವಸ್ತು ಸಂಬಂಧಿಕರ ಮನೆಯದು ಮತ್ತು ಅದನ್ನು ಮುಚ್ಚಿಡಲು ಕ್ಯಾಂಡಿಯ ಮೇಲೆ ಉದುರಿಸಿದ್ದರು ಎಂದು. 1974ರಲ್ಲಿ ಟೆಕ್ಸಾಸಿನ ಡೀರ್ ಪಾರ್ಕ್‌ನ ರೊನಾಲ್ಡ್ ಓಬ್ರಯನ್ ಎಂಬಾತ ಜೀವವಿಮೆಯ ಹಣದಾಸೆಗೆ ತನ್ನ ಎಂಟು ವರ್ಷದ ಮಗನಿಗೇ ಸಯನೈಡ್ ಬೆರೆಸಿದ ಸಿಹಿಪುಡಿಯ ಕೊಳವೆ ಕೊಟ್ಟು ಕೊಂದ. ಯಾವುದೋ ಕತ್ತಲು ಮನೆಯಲ್ಲಿ ಕೊಟ್ಟರು ಎಂದು ಕಥೆ ಕಟ್ಟಿದ. 1984ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅಪರಿಚಿತರ ಮೇಲೆ ಗೂಬೆ ಕೂರಿಸಿದರೆ ಜನ ನಂಬುತ್ತಾರೆಂದು ಅವನಿಗೆ ಗೊತ್ತಿತ್ತು ಎಂಬುದೇ ಆ ಹೊತ್ತಿಗೆ ಭಯ ಎಷ್ಟು ಬೇರೂರಿತ್ತು ಎಂಬುದನ್ನು ಹೇಳುತ್ತದೆ. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೋ ಸುತ್ತಮುತ್ತ ಯಾರೋ ಟೈಲೆನಾಲ್ ಎಂಬ ನೋವುನಿವಾರಕ ಗುಳಿಗೆಗಳಿಗೆ ಸಯನೈಡ್ ತುಂಬಿ ಏಳು ಜನ ಸತ್ತರು. ಹ್ಯಾಲೋವೀನ್‌ಗೆ ಒಂದೇ ತಿಂಗಳಿತ್ತು. ಆ ವರ್ಷ ಕೆಲವು ಊರುಗಳು ಮಕ್ಕಳು ಮನೆಮನೆಗೆ ಹೋಗುವುದನ್ನೇ ನಿಲ್ಲಿಸಿದವು. ಆಸ್ಪತ್ರೆಗಳು ಕ್ಯಾಂಡಿ ಚೀಲಗಳಿಗೆ ಉಚಿತವಾಗಿ ಎಕ್ಸ್-ರೇ ತೆಗೆದುಕೊಡುವ ಪದ್ಧತಿಯೂ ಬೆಳೆಯಿತು. ಎಕ್ಸ್-ರೇಯಲ್ಲಿ ಸೂಜಿ ಕಂಡೀತು, ವಿಷ ಕಾಣದು. ಆದರೂ ತಾಯಂದಿರು ಸಾಲಿನಲ್ಲಿ ನಿಂತರು.

ಇವನ್ನೆಲ್ಲ ಒಂದೊಂದಾಗಿ ಜಾಲಾಡಿದವರು ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್. 1958ರಿಂದೀಚೆಗಿನ ಪತ್ರಿಕಾ ವರದಿಗಳನ್ನು ಹುಡುಕಿ 1985ರಲ್ಲಿ ಮೊದಲ ಪ್ರಬಂಧ ಬರೆದ ಅವರು, ನಂತರವೂ ದಶಕಗಳ ಕಾಲ ಅದನ್ನು ಮುಂದುವರಿಸಿದರು. ಅಪರಿಚಿತರು ಬಾಗಿಲಲ್ಲಿ ಕೊಟ್ಟ ತಿಂಡಿಗೆ ಬೇಕೆಂದೇ ವಿಷ ಬೆರೆಸಿದ್ದರಿಂದ ಒಂದು ಮಗುವಾದರೂ ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ದೃಢಪಟ್ಟ ಪ್ರಕರಣ ಅವರಿಗೆ ಸಿಗಲಿಲ್ಲ. ಬ್ಲೇಡು, ಸೂಜಿಗಳ ವರದಿಗಳಲ್ಲಿ ಬಹುಪಾಲು, ಮಕ್ಕಳೇ ಸುತ್ತಮುತ್ತಲಿನವರ ಗಮನ ಸೆಳೆಯಲು ಮಾಡಿದ ಕುಚೇಷ್ಟೆಗಳಾಗಿದ್ದವು. ಈಚೆಗೆ ಭಯದ ವಸ್ತು ಬದಲಾಗಿದೆ: ಒಂದು ವರ್ಷ ಗಾಂಜಾ ಬೆರೆಸಿದ ಕ್ಯಾಂಡಿ, 2022ರಲ್ಲಿ ಫೆಂಟನಿಲ್ ಎಂಬ ತೀವ್ರ ಮಾದಕ ವಸ್ತುವಿನ ಬಣ್ಣಬಣ್ಣದ ಗುಳಿಗೆ. ಗಾಂಜಾ ಕ್ಯಾಂಡಿ ತಿಂದು ಪುಟ್ಟ ಮಕ್ಕಳು ಆಸ್ಪತ್ರೆ ಸೇರುವುದು ನಿಜ, ಆದರೆ ಅದು ಹೆಚ್ಚಾಗಿ ಮನೆಯ ದೊಡ್ಡವರು ತಮಗೆಂದು ತಂದಿಟ್ಟದ್ದು ಮಗುವಿನ ಕೈಗೆ ಸಿಕ್ಕಿ ಆಗುವಂಥದ್ದು. ಬೆಲೆ ಕೊಟ್ಟು ತಂದ ಮಾದಕ ವಸ್ತುವನ್ನು ಬೀದಿಯ ಮಕ್ಕಳಿಗೆ ಯಾರು ಬಿಟ್ಟಿ ಹಂಚುತ್ತಾರೆ?

ಹಾಗಾದರೆ ಭಯ ಸುಳ್ಳಾಗಿರುವಾಗ ಚಕ್ಕುಲಿ ಕೊಟ್ಟರೇನು ತಪ್ಪು ಎಂದು ಅತ್ತೆಯವರು ಕೇಳಬಹುದು. ಇಲ್ಲಿಯೇ ನನ್ನ ಕಾರಣ ಬರುವುದು. ನಮ್ಮಲ್ಲಿ ಸಂಕ್ರಾಂತಿಯಂದು ಎಳ್ಳು ಬೀರಲು ಬಂದ ಮಗು ಯಾರ ಮನೆಯದು, ಅವರ ತಾಯಿ ಎಳ್ಳು ಬೆಲ್ಲಕ್ಕೆ ಏನೇನು ಸೇರಿಸುತ್ತಾರೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಹ್ಯಾಲೋವೀನ್‌ನಲ್ಲಿ ಮಗು ಹತ್ತಾರು ಮನೆ ಸುತ್ತಿ, ಕತ್ತಲಾದ ಮೇಲೆ ಚೀಲವನ್ನು ಊಟದ ಮೇಜಿನ ಮೇಲೆ ಸುರಿಯುತ್ತದೆ. ಆ ರಾಶಿಯಲ್ಲಿ ಯಾವುದು ಯಾರು ಕೊಟ್ಟದ್ದು ಎಂಬುದು ಮಗುವಿಗೂ ನೆನಪಿಲ್ಲ, ತಂದೆತಾಯಿಗಂತೂ ತಿಳಿಯುವ ಮಾರ್ಗವಿಲ್ಲ. ಆಗ ಅವರಿಗೆ ಆಧಾರವಾಗುವುದು ಹೊದಿಕೆಯ ಮೇಲಿನ ಅಕ್ಷರ ಮಾತ್ರ. ಬಿಗಿಯಾಗಿ ಮುಚ್ಚಿದೆಯೇ, ಹೆಸರೇನು, ಒಳಗೇನಿದೆ ಎಂದು ನೋಡಿ ಬೇಕಾದ್ದನ್ನು ಇಟ್ಟು ಉಳಿದದ್ದನ್ನು ತೆಗೆಯುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೂ, ಕಾರ್ಖಾನೆಯಲ್ಲಿ ಮುಚ್ಚಿರದ ಯಾವುದನ್ನೂ ತೆಗೆದುಕೊಳ್ಳಬಾರದು, ತಿನ್ನಬಾರದು ಎಂದು ಮಕ್ಕಳಿಗೆ ಹೇಳಿಕೊಡಿ ಎನ್ನುತ್ತದೆ. ನಮ್ಮ ಮನೆಯಲ್ಲಿಯೂ ರಾತ್ರಿ ಇದೇ ಕೆಲಸ ನಡೆಯುತ್ತಿತ್ತು, ಕೊಟ್ಟವರು ಕನ್ನಡದವರೇ ಆಗಿದ್ದರೂ ಹೊದಿಕೆಯಿಲ್ಲದ್ದು ಬದಿಗೆ ಹೋಗುತ್ತಿತ್ತು.

ಇದರಲ್ಲಿ ನಿಜವಾಗಿ ಮಗುವಿನ ಪ್ರಾಣಕ್ಕೆ ಬರಬಹುದಾದದ್ದು ಅಲರ್ಜಿ. ನಿಮ್ಮ ಪಟ್ಟಿಯ ಎರಡು ತಿಂಡಿಗಳನ್ನೇ ತೆಗೆದುಕೊಳ್ಳಿ. ಚಕ್ಕುಲಿಗೆ ಅಕ್ಕಿ ಹಿಟ್ಟು, ಉದ್ದಿನ ಹಿಟ್ಟು, ಬೆಣ್ಣೆ, ಬಿಳಿ ಎಳ್ಳು. ಇಲ್ಲಿನ ಕಾನೂನು 2004ರಲ್ಲಿ ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿಗಳು, ಗೋಡಂಬಿ-ಬಾದಾಮಿಯಂಥ ಬೀಜಗಳು, ಶೇಂಗಾ, ಗೋಧಿ, ಸೋಯಾ ಎಂಬ ಎಂಟನ್ನು ಪ್ರಮುಖ ಅಲರ್ಜಿಕಾರಕಗಳೆಂದು ಗುರುತಿಸಿ, ಪ್ಯಾಕೆಟ್ಟಿನ ಮೇಲೆ ನಮೂದಿಸಲು ಹೇಳಿತು. 2021ರ ಕಾನೂನಿನಿಂದ ಒಂಬತ್ತನೆಯದಾಗಿ ಸೇರಿದ್ದು ಎಳ್ಳು. 2023ರ ಜನವರಿ 1ರಿಂದ ಅದನ್ನೂ ನಮೂದಿಸುವುದು ಕಡ್ಡಾಯ. ಚಕ್ಕುಲಿಗೆ ಹಾಕುವ ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಅಕ್ಕಿಯ ತಿಂಡಿ, ಗೋಧಿ ಇಲ್ಲ ಎಂದು ನಾವು ಖಂಡಿತವಾಗಿ ಹೇಳುವ ಜಾಗದಲ್ಲಿಯೇ ಗೋಧಿ ಕೂತಿರುತ್ತದೆ! ಹಿಂದಿನ ದಿನ ಅದೇ ಬಾಣಲೆಯ ಎಣ್ಣೆಯಲ್ಲಿ ಶೇಂಗಾ ಹಾಕಿದ ನಿಪ್ಪಟ್ಟು ಕರಿದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಕೊಬ್ಬರಿ ಮಿಠಾಯಿಯಲ್ಲಿ ತುಪ್ಪ, ಹಾಲು ಅಥವಾ ಖೋವಾ, ಮೇಲೆ ಗೋಡಂಬಿ ಚೂರು. ತೆಂಗನ್ನು 2025ರ ಜನವರಿಯಲ್ಲಿ ಆ ಬೀಜಗಳ ಪಟ್ಟಿಯಿಂದ ಕೈಬಿಟ್ಟಿದ್ದಾರೆ, ಆದರೂ ತೆಂಗು ಒಗ್ಗದ ಮಕ್ಕಳು ಕೆಲವರು ಇದ್ದೇ ಇದ್ದಾರೆ. ನನ್ನ ಮಗಳ ಗೆಳತಿಯೊಬ್ಬಳಿಗೆ ಗೋಡಂಬಿ ಆಗುವುದಿಲ್ಲ. ಅವಳ ತಾಯಿ ತೀವ್ರ ಅಲರ್ಜಿಯಾದಾಗ ಕೂಡಲೇ ಕೊಡುವ ಎಪಿನೆಫ್ರಿನ್ ಚುಚ್ಚುಮದ್ದನ್ನು ಪರ್ಸಿನಲ್ಲಿಟ್ಟುಕೊಳ್ಳದೆ ಹೊರಗೆ ಕಾಲಿಡುವುದಿಲ್ಲ. ಅಂಥ ತಾಯಿಯ ಎದುರು ನಮ್ಮ ಅಡುಗೆಮನೆಯ ಶುಚಿತ್ವದ ಬಗ್ಗೆ ನಾವು ಕೊಡುವ ಭರವಸೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ, ಏಕೆಂದರೆ ಅವರ ಪ್ರಶ್ನೆ ಶುಚಿತ್ವದ್ದೇ ಅಲ್ಲ.

ಕಾರ್ಖಾನೆಯದೆಲ್ಲ ನಿರಪಾಯ ಎಂದು ನಾನು ಹೇಳುತ್ತಿಲ್ಲ. 2014ರಲ್ಲಿ ಪ್ಯಾಕ್ ಮಾಡಿ ಮಾರಿದ ಕ್ಯಾರಮೆಲ್ ಸೇಬುಗಳಿಂದಲೇ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ ಅಮೆರಿಕದಲ್ಲಿ 35 ಮಂದಿ ಕಾಯಿಲೆ ಬಿದ್ದರು, ಕೆಲವರು ಸತ್ತರು. ಕಡ್ಡಿ ಚುಚ್ಚಿದಾಗ ಸೇಬಿನ ರಸ ಹೊರಬಂದು ಕ್ಯಾರಮೆಲ್ ಕೆಳಗೆ ನಿಂತು ಸೂಕ್ಷ್ಮಾಣು ಬೆಳೆಯಲು ಎಡೆಯಾಗಿತ್ತು. ಆದರೆ ಅಲ್ಲಿ ಪ್ಯಾಕೆಟ್ಟಿನ ಹೆಸರು ಹಿಡಿದು ಮೂಲವನ್ನು ಪತ್ತೆಮಾಡಿ, ಮಾಲನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಲು ಸಾಧ್ಯವಾಯಿತು. ಕಾಗದದಲ್ಲಿ ಸುತ್ತಿದ ಮಿಠಾಯಿಯ ತುಂಡಿನಿಂದ ಮಗುವಿಗೆ ವಾಂತಿಯಾದರೆ ವೈದ್ಯರಿಗೆ ಹೇಳಲು ತಂದೆತಾಯಿಯ ಬಳಿ ಒಂದು ಪದವೂ ಇರುವುದಿಲ್ಲ.

ಅಂದಹಾಗೆ, ಅಂದು ರಾತ್ರಿ ಮಕ್ಕಳಿಗೆ ಇರುವ ದೊಡ್ಡ ಅಪಾಯ ತಿಂಡಿಯದಲ್ಲ, ವಾಹನಗಳದು. 1975ರಿಂದ 2016ರವರೆಗಿನ 42 ವರ್ಷಗಳ ಅಪಘಾತ ದಾಖಲೆ ನೋಡಿದ ಸಂಶೋಧಕರು, ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಹಿಂದಿನ ಮತ್ತು ಮುಂದಿನ ವಾರದ ಅದೇ ದಿನಕ್ಕಿಂತ ಶೇ. 43ರಷ್ಟು ಹೆಚ್ಚು ಎಂದು ಕಂಡರು. ನಿಮ್ಮ ಮಕ್ಕಳು ಹೊರಟರೆ ಕಪ್ಪು ವೇಷಕ್ಕೆ ಹೊಳೆಯುವ ಪಟ್ಟಿ ಅಂಟಿಸಿ, ಕೈಗೆ ಟಾರ್ಚ್ ಕೊಡಿ. ಅಂದು ಕೆಲಸದಿಂದ ಕಾರಿನಲ್ಲಿ ಹಿಂದಿರುಗುವವರು ಬೀದಿಯೊಳಗೆ ನಡಿಗೆಯ ವೇಗದಲ್ಲಿ ಬರಲಿ.

ಈಗ ಮಾಡಬೇಕಾದದ್ದು. ಕಾಸ್ಟ್‌ಕೋದಂಥ ಅಂಗಡಿಯಲ್ಲಿ ಕಿಟ್ ಕ್ಯಾಟ್, ಸ್ಕಿಟಲ್ಸ್ ಮೊದಲಾದವು ಬೆರೆತ ದೊಡ್ಡ ಚೀಲ ಸಿಗುತ್ತದೆ. ಚಿಕ್ಕ ಗಾತ್ರದವುಗಳ ಹೊದಿಕೆಯ ಮೇಲೆ ಎಷ್ಟೋ ಸಲ ಪದಾರ್ಥಗಳ ಪಟ್ಟಿ ಇರುವುದಿಲ್ಲ, ದೊಡ್ಡ ಚೀಲದ ಮೇಲೆ ಇರುತ್ತದೆ. ಆದ್ದರಿಂದ ಹಂಚಿ ಮುಗಿಯುವವರೆಗೆ ಆ ಚೀಲವನ್ನು ಎಸೆಯಬೇಡಿ, ಕೇಳಿದ ತಾಯಿಗೆ ತೋರಿಸಬಹುದು. ಕೆಲವು ಮನೆಗಳ ಮುಂದೆ ನೀಲಿ ಹಸಿರು ಬೆರೆತ ಬಣ್ಣದ ಕುಂಬಳಕಾಯಿ ಕಾಣುತ್ತದೆ. ಆಹಾರ ಅಲರ್ಜಿಯ ಕುರಿತು ಕೆಲಸ ಮಾಡುವ ಫೇರ್ ಎಂಬ ಸಂಸ್ಥೆ 2014ರಲ್ಲಿ ದೇಶದಾದ್ಯಂತ ಹರಡಿದ ಈ ಗುರುತಿನ ಅರ್ಥ, ಇಲ್ಲಿ ತಿನ್ನುವುದಲ್ಲದ ಉಡುಗೊರೆಯೂ ಸಿಗುತ್ತದೆ ಎಂದು. ಸ್ಟಿಕರ್, ಪೆನ್ಸಿಲ್, ಕತ್ತಲಲ್ಲಿ ಹೊಳೆಯುವ ಕಡ್ಡಿ ಸಾಕು. ಅವನ್ನು ಕ್ಯಾಂಡಿಯ ಬಟ್ಟಲಿನಲ್ಲೇ ಬೆರೆಸದೆ ಬೇರೆ ಬಟ್ಟಲಿನಲ್ಲಿ ಇಡಿ. ಅತ್ತೆಯವರಿಗೆ ಮನೆಮನೆಯ ಮಕ್ಕಳನ್ನು ನೋಡುವ ಆಸೆಯೇ ಮುಖ್ಯವಾಗಿದ್ದರೆ ಬಟ್ಟಲುಗಳನ್ನು ಅವರ ಕೈಗೇ ಕೊಡಿ, ಯಾರು ಯಾವ ವೇಷ ಎಂದು ಕೇಳಿ ನಗುವುದಕ್ಕೆ ಇಂಗ್ಲಿಷ್ ಹೆಚ್ಚು ಬೇಕಾಗುವುದಿಲ್ಲ.

ಚಕ್ಕುಲಿ, ಮಿಠಾಯಿಗಳನ್ನು ಮಾಡುವುದು ಬೇಡ ಎಂದು ನಾನು ಹೇಳುವುದಿಲ್ಲ. ಅವನ್ನು ದೀಪಾವಳಿಗೆ ಇಟ್ಟುಕೊಳ್ಳಿ. ಆ ಹಬ್ಬ ಬಹುತೇಕ ವರ್ಷ ಹ್ಯಾಲೋವೀನ್‌ಗೆ ಹತ್ತಿರದಲ್ಲಿಯೇ ಬರುತ್ತದೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಇತ್ತು. ಹಗಲಿನಲ್ಲಿ, ಮಕ್ಕಳ ಕೈಗಲ್ಲದೆ ದೊಡ್ಡವರ ಕೈಗೆ, ನಿಮ್ಮ ಹೆಸರು ಹೇಳಿ ಡಬ್ಬಿ ಕೊಡಿ. ಮುಚ್ಚಳದ ಮೇಲೆ ಎಳ್ಳು, ಬೆಣ್ಣೆ, ಇಂಗಿನ ಗೋಧಿ, ಗೋಡಂಬಿ, ಶೇಂಗಾ ಕರಿದ ಎಣ್ಣೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ನಾಲ್ಕು ವರ್ಷದೊಳಗಿನ ಮಕ್ಕಳಿರುವ ಮನೆಯಾದರೆ, ಚಕ್ಕುಲಿ ಗಟ್ಟಿ, ಗಂಟಲಲ್ಲಿ ಸಿಕ್ಕೀತು ಎಂದು ಬಾಯಿಬಿಟ್ಟೇ ಹೇಳಿ. ಬೇಡ ಎಂದ ನೆರೆಯವರಿಂದಲೇ ಶುರುಮಾಡಬಹುದು. ಅವರು ಬೇಡವೆಂದದ್ದು ಹ್ಯಾಲೋವೀನ್ ಚೀಲಕ್ಕೆ; ನೀವೇ ಬಾಗಿಲು ತಟ್ಟಿ ಕೊಟ್ಟ ಡಬ್ಬಿಯನ್ನು ಬಹುಶಃ ಖುಷಿಯಿಂದಲೇ ತೆಗೆದುಕೊಳ್ಳುತ್ತಾರೆ. ಶಾಲೆಗೆ ಕಳಿಸುವ ಯೋಚನೆಯಿದ್ದರೆ ಮಾತ್ರ ಮೊದಲು ಶಿಕ್ಷಕರನ್ನು ಕೇಳಿ, ಅಲ್ಲಿಯೂ ಹಲವು ಕಡೆ ಮುಚ್ಚಿದ ಪ್ಯಾಕೆಟ್ ಬಿಟ್ಟರೆ ಬೇರೇನನ್ನೂ ಒಳಗೆ ಬಿಡುವುದಿಲ್ಲ.