ತಿರುಗದ ಗರಗಸ

ನಮಸ್ಕಾರ. ಕಳೆದ ತಿಂಗಳ ಮಕ್ಕಳ ಪುಟದಲ್ಲಿ ಹೆಲಿಕೋಪ್ರಿಯಾನ್ ಎಂಬ ಹಳೇ ಕಾಲದ ಶಾರ್ಕ್‌ನ ಚಿತ್ರ ನೋಡಿ ನಿಮ್ಮ ಮಗಳು ಎರಡು ಪ್ರಶ್ನೆ ಕೇಳಿದಳೆಂದು ಬರೆದಿದ್ದೀರಿ. ಆ ಹಲ್ಲಿನ ಚಕ್ರ ಗರಗರ ತಿರುಗಿ ಮೀನು ಕತ್ತರಿಸುತ್ತಿತ್ತಾ? ಅದಕ್ಕೂ ಹಾಲುಹಲ್ಲು ಬೀಳುತ್ತಿತ್ತಾ?

ಮೊದಲು ತಪ್ಪೊಪ್ಪಿಗೆ. ಚಕ್ರವನ್ನು ಬಾಯಿಂದಾಚೆ, ಮೂತಿಯ ತುದಿಗೆ ನೇತುಹಾಕಿದ ಚಿತ್ರ ಅದು. ನೋಡಲು ಚೆನ್ನಾಗಿತ್ತು, ಸುಮ್ನೆ ಹಾಕಿಬಿಟ್ಟೆವು. ಈ ತಪ್ಪು ಮಾಡಿದವರಲ್ಲಿ ನಾವೇ ಮೊದಲಿಗರಲ್ಲ ಅನ್ನೋದಷ್ಟೇ ಸಮಾಧಾನ. 1899ರಲ್ಲಿ ಇದಕ್ಕೆ ಹೆಸರಿಟ್ಟ ರಷ್ಯಾದ ಭೂವಿಜ್ಞಾನಿ ಕಾರ್ಪಿನ್‌ಸ್ಕಿ, ಈ ಚಕ್ರ ಮೇಲ್ದವಡೆಯಿಂದ ಸುರುಳಿ ಸುತ್ತಿದ ಮೂತಿ ಎಂದುಕೊಂಡಿದ್ದರು. ಆಮೇಲೆ ಕೆಲವರು ಬೆನ್ನಿಗೆ, ಬಾಲಕ್ಕೆ ಕೂಡ ಅಂಟಿಸಿ ನೋಡಿದರು. ಪಾಪ, ಅವರೇನು ಮಾಡಿಯಾರು? ಇಂಥ ಮೀನುಗಳಿಗೆ ಗಟ್ಟಿ ಮೂಳೆ ಇಲ್ಲ. ನಮ್ಮ ಕಿವಿಯಲ್ಲಿ ಬಾಗುತ್ತದಲ್ಲ, ಅಂಥ ಮೃದ್ವಸ್ಥಿ. ಅದು ಕೊಳೆತು ಹೋಗಿ, ಕಲ್ಲಿನಲ್ಲಿ ಉಳಿದದ್ದು ಸಾಮಾನ್ಯವಾಗಿ ಚಕ್ಕುಲಿಯಂಥ ಹಲ್ಲಿನ ಸುರುಳಿ ಮಾತ್ರ.

ಅಮೆರಿಕದ ಐಡಾಹೊ ರಾಜ್ಯದಲ್ಲಿ ಸಿಕ್ಕ ಒಂದು ಕಲ್ಲಿನೊಳಗೆ ಅದೃಷ್ಟಕ್ಕೆ ದವಡೆಯೂ ಉಳಿದಿತ್ತು. ಅದರ ಸಿ.ಟಿ. ಸ್ಕ್ಯಾನ್ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಸುರುಳಿ ಇದ್ದದ್ದು ಬಾಯೊಳಗೇ, ಕೆಳದವಡೆಯ ನಡುವೆ. ಅಂದಹಾಗೆ ಇದು ಅಪ್ಪಟ ಶಾರ್ಕ್ ಅಲ್ಲ, ಆಳ ಸಮುದ್ರದಲ್ಲಿ ಈಗಲೂ ಇರುವ ಚಿಮೇರಾ ಎಂಬ ಮೀನುಗಳ ನೆಂಟ.

ಚಕ್ರ ತಿರುಗುತ್ತಿರಲಿಲ್ಲ. ಈಳಿಗೆಮಣೆ ನೆನಪಿಸಿಕೊಳ್ಳಿ. ಇರುವುದು ಒಂದೇ ಅಲಗು, ಎದುರಿಗೆ ಇನ್ನೊಂದಿಲ್ಲ. ಆದರೂ ಸೌತೆಕಾಯಿ ತುಂಡಾಗುತ್ತದೆ, ಅಲ್ವಾ? ಇಲ್ಲೂ ಹಾಗೇ, ಆದರೆ ಸರಿದಾಡುವುದು ಅಲಗು. ಬಾಯಿ ಮುಚ್ಚುವಾಗ ಹಲ್ಲುಗಳು ಮೇಲಕ್ಕೂ ಹಿಂದಕ್ಕೂ ಸರಿಯುತ್ತಿದ್ದವು. ಮುಂದಿನವು ಕೊಕ್ಕೆ ಹಾಕಿ ಎಳೆದರೆ ನಡುವಿನವು ಚುಚ್ಚಿ ಸೀಳುತ್ತಿದ್ದವು. ಹಿಂದಿನವು ತುತ್ತನ್ನು ಗಂಟಲಿಗೆ ದೂಡುತ್ತಿದ್ದವು. ಆ ಹಲ್ಲುಗಳಲ್ಲಿ ಸವೆತ, ಮುರಿತ ಕಾಣುವುದು ತೀರಾ ಕಡಿಮೆ. ಹಾಗಾಗಿ ಗಟ್ಟಿ ಚಿಪ್ಪು ಕಡಿದಿರಲಾರದು. ನಮ್ಮ ಕರಾವಳಿಯವರು ಸ್ಕ್ವಿಡ್‌ಗೆ ಬೊಂಡಾಸ್ ಅನ್ನುತ್ತಾರಲ್ಲ, ಅಂಥ ಮೆತ್ತನೆಯ ಜೀವಿಗಳೇ ಜಾಸ್ತಿ ಊಟವಾಗಿದ್ದಿರಬೇಕು. ಇದೆಲ್ಲ ಸುಮಾರು 27 ಕೋಟಿ ವರ್ಷ ಹಿಂದಿನ ಮಾತು.

ಹಾಲುಹಲ್ಲಿನ ಪ್ರಶ್ನೆ ನನಗೆ ಇನ್ನೂ ಹಿಡಿಸಿತು. ಈಗಿನ ಶಾರ್ಕ್‌ಗಳಿಗೆ ಹಲ್ಲು ಉದುರುತ್ತಲೇ ಇರುತ್ತವೆ. ಇದಕ್ಕೆ ಹಾಗಿಲ್ಲ. ಹಿಂದೆ ಹೊಸ ಹಲ್ಲು ಹುಟ್ಟಿದ ಹಾಗೆ ಹಳೆಯವು ಮುಂದಕ್ಕೆ, ಕೆಳಕ್ಕೆ, ಕೊನೆಗೆ ಸುರುಳಿಯ ಒಳಕ್ಕೆ ಸರಿಯುತ್ತಿದ್ದವು. ಐಡಾಹೊದ ಆ ಒಂದೇ ಸುರುಳಿಯಲ್ಲಿ 117 ಹಲ್ಲುಗಳಿವೆ. ನಮ್ಮ ಚಿತ್ರದಲ್ಲಿ ಸುರುಳಿಯ ಜಾಗ ತಪ್ಪಿದರೂ ಸುತ್ತು ಸರಿಯಾಗಿದೆ. ಮಗಳಿಗೆ ಅದರ ನಟ್ಟನಡುವೆ ತೋರಿಸಿ. ಅಕ್ಕಿಕಾಳಿನಂಥ ಸಣ್ಣವು ಕಾಣುತ್ತವಲ್ಲ, ಮರಿಯಾಗಿದ್ದಾಗಿನ ಹಲ್ಲುಗಳು ಅವೇ.