ಡೆಬಿಯನ್ ಪ್ಯಾಕೇಜ್ ನೋಡಿಕೊಳ್ಳೋರು ಮಂಡ್ಯದಲ್ಲಿ ಸಿಗ್ತಾರಾ?

ಮಂಡ್ಯದ ನಿಮ್ಮ ಕಾಲೇಜಿನ ಲಿನಕ್ಸ್ ಶಿಬಿರಕ್ಕೆ ಬಂದವರು ಡೆಬಿಯನ್ (ಸ್ವಯಂಸೇವಕರು ನಡೆಸೋ ಒಂದು ಲಿನಕ್ಸ್ ಆವೃತ್ತಿ) ಪ್ಯಾಕೇಜ್, ಅಂದ್ರೆ ಅದರಲ್ಲಿ ಹಾಕಿಕೊಳ್ಳೋ ತಂತ್ರಾಂಶದ ಕಟ್ಟು, ನೋಡಿಕೊಳ್ಳೋ ಕೆಲಸಕ್ಕೆ ಯಾಕೆ ನಿಲ್ಲಲ್ಲ ಅಂತ ಕೇಳಿದ್ದೀರಿ. ಮೊದಲಿಗೇ ಹೊಸ ಪ್ಯಾಕೇಜ್ ಮಾಡಿಸಬೇಡಿ ಸಾರ್. ಅದು ಲೈಸೆನ್ಸ್ ಪರಿಶೀಲನೆಯ ಸರದಿಯಲ್ಲಿ ಕೂರುತ್ತೆ, ಅಷ್ಟರಲ್ಲಿ ಹುಡುಗರ ಹುಮ್ಮಸ್ಸು ಇಳಿದಿರುತ್ತೆ. ಡೆವ್‌ಸ್ಕ್ರಿಪ್ಟ್ಸ್ ಅನ್ನೋ ಸಲಕರಣೆಗಳ ಕಟ್ಟು ಹಾಕಿಸಿ, ಅದರಲ್ಲಿರೋ ಡಬ್ಲ್ಯೂಎನ್‌ಪಿಪಿ-ಅಲರ್ಟ್ ಆಜ್ಞೆ ಓಡಿಸಿ: ಅವರವರ ಯಂತ್ರದಲ್ಲೇ ಇರುವ, ದಿಕ್ಕಿಲ್ಲದ, ಅಂದ್ರೆ ನೋಡಿಕೊಳ್ಳೋರಿಲ್ಲದ ಪ್ಯಾಕೇಜುಗಳ ಪಟ್ಟಿ ಬರುತ್ತೆ. ತಾವು ದಿನಾ ಬಳಸೋದನ್ನೇ ಆರಿಸಲಿ. ಮೂಲ ಕೋಡ್ ಬರೆದವರೇ ಕೈಬಿಟ್ಟಿರೋದು ಮಾತ್ರ ಬೇಡ. ಆ ಪ್ಯಾಕೇಜ್ ಅನಾಥ ಅಂತ ದಾಖಲಾಗಿರೋ ಬಗ್ ಶೀರ್ಷಿಕೆಯಲ್ಲಿ 'ಓ' (ಅನಾಥ) ತೆಗೆದು 'ಐಟಿಎ' (ದತ್ತು ತಗೋತೀನಿ) ಹಾಕಿ, ಎಸ್‌ಬಿಲ್ಡ್‌ನಲ್ಲಿ (ಶುದ್ಧ ಪರಿಸರದಲ್ಲಿ ಪ್ಯಾಕೇಜ್ ಕಟ್ಟೋ ಸಲಕರಣೆ) ಬಿಲ್ಡ್ ಮಾಡಿ, ಪ್ಯಾಕೇಜ್ ತಪಾಸಣೆ ಮಾಡೋ ಲಿಂಟಿಯನ್ ತೋರಿಸಿದ ತಪ್ಪು ತಿದ್ದಲಿ.

ಆಮೇಲಿದೆ ಅಸಲಿ ತೊಡಕು. ಅಪ್‌ಲೋಡ್ ಹಕ್ಕಿಲ್ಲದ ಹೊಸಬರಿಗೆ ಕೆಲಸ ಪರಿಶೀಲಿಸಿ ಅವರ ಪರವಾಗಿ ಅಪ್‌ಲೋಡ್ ಮಾಡೋ ಪ್ರಾಯೋಜಕರು ಬೇಕು, ಉತ್ತರ ಬರದೆ ಬೇಸತ್ತು ಬಿಡ್ತಾರೆ. ಹಲವರು ಕೂಡಿ ಪ್ಯಾಕೇಜ್ ನೋಡಿಕೊಳ್ಳೋ ಡೆಬಿಯನ್ ಪೈಥಾನ್ ತಂಡದಂಥ ಕಡೆ ಸೇರಿಸಿ: ಪರಿಶೀಲಿಸೋರೂ ಸಿಗ್ತಾರೆ, ಸೆಮಿಸ್ಟರ್ ಪರೀಕ್ಷೆ ಬಂದಾಗ ಕೆಲಸವೂ ನಿಲ್ಲಲ್ಲ.